ಬೈಕ್ ಇಂಜಿನ್ ಆಯಿಲ್: ಲ್ಯಾಬ್ ರಿಪೋರ್ಟಿನ ಜಿಂಕ್ ನಂಬಬೇಕಾ, ಡಬ್ಬದ ಮೇಲಿನ ಟೆಸ್ಟ್ ನಂಬಬೇಕಾ?

ಡಿಗ್ರಿ ಕೊನೇ ವರ್ಷದಲ್ಲಿ ಸಂಜೆ ಹೊತ್ತು ಬೆಂಗಳೂರಲ್ಲಿ ಫುಡ್ ಡೆಲಿವರಿ ಮಾಡ್ತಿದ್ದೆ. ಅಣ್ಣ ಓಡಿಸಿ ಬಿಟ್ಟ ಹಳೇ 125 ಸಿಸಿ ಗಾಡಿ, ಶನಿವಾರ-ಭಾನುವಾರ ನೂರು ಕಿಲೋಮೀಟರ್ ದಾಟುತ್ತಿತ್ತು. ಆಯಿಲ್ ಬದಲಿಸುವ ಹೊತ್ತಿಗೆ ಒಂದು ಸ್ಪೇರ್ ಪಾರ್ಟ್ಸ್ ಅಂಗಡಿಗೆ ಹೋದೆ. ಕೌಂಟರ್ ಹಿಂದಿದ್ದವರು ಫೋನಲ್ಲಿ ಒಂದು ಲ್ಯಾಬ್ ರಿಪೋರ್ಟ್ ತೆಗೆದು ತೋರಿಸಿದರು. ಸಾಲಾಗಿ ಧಾತುಗಳ ಹೆಸರು, ಮುಂದೆ ಅಂಕಿ. "ನೋಡಿ ಸಾರ್, ಮಾಲಿಬ್ಡಿನಮ್ ಎಷ್ಟಿದೆ! ನಿಮ್ ಬೈಕ್ ಆಯಿಲಲ್ಲಿ ಇದು ಸೊನ್ನೆ. ಇದು ಕಾರ್‌ಗೆ ಹಾಕೋ ಫುಲ್ ಸಿಂಥೆಟಿಕ್, ಆಫರಲ್ಲಿದೆ, ತಗೊಳಿ." ಅಂಕಿ ದೊಡ್ಡದಿತ್ತು, ರೇಟು 60 ರೂಪಾಯಿ ಕಮ್ಮಿ ಇತ್ತು. ತಗೊಂಡೆ.

ಹತ್ತು ದಿನ ಚೆನ್ನಾಗೇ ಓಡಿತು. ಆಮೇಲೆ ಒಂದು ರಾತ್ರಿ ಫ್ಲೈಓವರ್ ಏರುವಾಗ ಆಕ್ಸಿಲರೇಟರ್ ತಿರುವಿದರೆ ಇಂಜಿನ್ ಕೂಗುತ್ತೆ, ಗಾಡಿ ಮುಂದೆ ಹೋಗ್ತಿಲ್ಲ. ಹಿಂದೆ ಟೆಂಪೋ ಹಾರನ್ನು, ಬೆನ್ನ ಮೇಲೆ ಯಾರದೋ ಊಟ. ಮೆಕ್ಯಾನಿಕ್ ಬಿಚ್ಚಿ ನೋಡಿದಾಗ ಕ್ಲಚ್ ಪ್ಲೇಟ್‌ಗಳು ಗಾಜಿನಂತೆ ನುಣುಪಾಗಿದ್ದವು. ಪ್ಲೇಟು, ಕೂಲಿ, ಹೊಸ ಆಯಿಲ್ ಸೇರಿ 1,400 ರೂಪಾಯಿ. ಮೂರು ದಿನ ಕೆಲಸ ಇಲ್ಲ.

ಅವತ್ತು ನಾನು ಕಲಿತ ಪಾಠ: "ಮಾಲಿ ಇರೋ ಆಯಿಲ್ ಬೈಕ್‌ಗೆ ಹಾಕಬಾರದು." ಇದನ್ನು ಸಿಕ್ಕವರಿಗೆಲ್ಲ ಹೇಳಿಕೊಂಡು ಓಡಾಡಿದೆ. ಈ ಪಾಠವೂ ಅರ್ಧ ತಪ್ಪು ಅಂತ ಗೊತ್ತಾಗೋಕೆ ಕೆಲವು ವರ್ಷ ಬೇಕಾಯ್ತು. ಅಂಗಡಿಯವರು ಒಂದು ಧಾತು ನೋಡಿ ಆಯಿಲ್ ಒಳ್ಳೇದು ಅಂದಿದ್ದರು, ನಾನು ಅದೇ ಧಾತು ನೋಡಿ ಕೆಟ್ಟದು ಅಂದೆ. ಇಬ್ಬರೂ ಮಾಡಿದ ತಪ್ಪು ಒಂದೇ: ಒಳಗೆ ಏನು ಸುರಿದಿದ್ದಾರೆ ಅನ್ನೋದರ ಮೇಲೆ, ಅದು ಏನು ಕೆಲಸ ಮಾಡುತ್ತೆ ಅನ್ನೋದನ್ನು ಊಹಿಸಿದೆವು. ಬಜೆಟ್‌ನಲ್ಲಿ ಕುಡಿಯೋ ನೀರಿಗೆ ಎಷ್ಟು ಕೋಟಿ ಇಟ್ಟರು ಅನ್ನೋದು ಒಂದು ಪ್ರಶ್ನೆ, ಊರಿನ ನಲ್ಲೀಲಿ ನೀರು ಬಂತಾ ಅನ್ನೋದು ಇನ್ನೊಂದು. ಆಯಿಲ್ ವಿಷಯದಲ್ಲೂ ಈ ಎರಡು ಪ್ರಶ್ನೆಗಳನ್ನು ಬೇರೆ ಬೇರೆ ಇಟ್ಟು ನೋಡೋಣ.

ಒಂದೇ ಆಯಿಲ್, ಮೂರು ಕೆಲಸ

ಕಾರಿನಲ್ಲಿ ಇಂಜಿನ್ ಆಯಿಲ್ ಇಂಜಿನ್‌ಗೆ ಮಾತ್ರ. ಗೇರ್‌ಬಾಕ್ಸ್‌ಗೆ ಬೇರೆ ಆಯಿಲ್, ಮ್ಯಾನುಯಲ್ ಕಾರಿನ ಕ್ಲಚ್ ಸಾಮಾನ್ಯವಾಗಿ ಒಣ ಕ್ಲಚ್. ನಮ್ಮ ರಸ್ತೆಯ ಬಹುತೇಕ ಗೇರ್ ಬೈಕ್‌ಗಳಲ್ಲಿ ಹಾಗಲ್ಲ. ಒಂದು ಲೀಟರ್ ಆಸುಪಾಸಿನ ಅದೇ ಆಯಿಲ್ ಪಿಸ್ಟನ್, ಕ್ಯಾಮ್ ನೋಡಿಕೊಳ್ಳಬೇಕು, ಗೇರ್ ಹಲ್ಲುಗಳ ನಡುವೆ ಹಿಂಡಿಸಿಕೊಳ್ಳಬೇಕು, ಕ್ಲಚ್ ಪ್ಲೇಟ್‌ಗಳನ್ನು ಮುಳುಗಿಸಿಟ್ಟೂ ಅವು ಜಾರದಂತೆ ಬಿಡಬೇಕು. ಇದಕ್ಕೇ ವೆಟ್ ಕ್ಲಚ್ ಅನ್ನೋದು.

ಈ ಮೂರು ಕೆಲಸ ಒಂದಕ್ಕೊಂದು ಜಗಳಕ್ಕೆ ಬೀಳ್ತವೆ. ಇಂಜಿನ್‌ಗೆ ಘರ್ಷಣೆ ಕಮ್ಮಿ ಆದಷ್ಟೂ ಮೈಲೇಜು. ಕ್ಲಚ್‌ಗೆ ಘರ್ಷಣೆ ಬೇಕೇ ಬೇಕು, ಇಲ್ಲದಿದ್ದರೆ ಪ್ಲೇಟ್ ಹಿಡಿಯಲ್ಲ. ಆಯಿಲ್ ಬಿಸಿಯಲ್ಲಿ ತೀರಾ ತೆಳುವಾಗದಿರಲಿ ಅಂತ ಉದ್ದುದ್ದ ಪಾಲಿಮರ್ ಎಳೆಗಳನ್ನು ಸೇರಿಸಿರ್ತಾರೆ, ಗೇರ್ ಹಲ್ಲುಗಳು ಅವನ್ನೇ ಕತ್ತರಿಸಿ ತುಂಡು ಮಾಡ್ತವೆ. ಹಾಗಾಗಿ ಕಾರಿಗೆ ಅತ್ಯುತ್ತಮವಾದ ಆಯಿಲ್ ಬೈಕ್‌ಗೆ ಕೆಟ್ಟದ್ದಾಗಬಹುದು. ಆಯಿಲ್‌ನಲ್ಲಿ ದೋಷ ಇರಬೇಕಂತಿಲ್ಲ, ಅದರ ಕೆಲಸ ಬೇರೆ.

ಗೇರ್‌ಲೆಸ್ ಸ್ಕೂಟರ್ ಕಥೆ ಇನ್ನೊಂದು. ಅದರ ಕ್ಲಚ್ ಆಯಿಲ್‌ನಲ್ಲಿ ಮುಳುಗಿರಲ್ಲ, ಒಣಗಿರುತ್ತೆ. ಅದಕ್ಕೆ ಘರ್ಷಣೆ ಕಮ್ಮಿ ಇರುವ ಆಯಿಲ್ ನಡೆಯುತ್ತೆ.

ಡಬ್ಬದೊಳಗೆ ಏನಿರುತ್ತೆ?

ಬಹುಪಾಲು ಬೇಸ್ ಆಯಿಲ್. ಉಳಿದದ್ದು ಅಡಿಟಿವ್‌ಗಳು. ಮುಖ್ಯವಾದವು ಇವು.

ಮೊದಲನೆಯದು ಜಡ್‌ಡಿಡಿಪಿ, ಅಂದರೆ ಸತು ಮತ್ತು ರಂಜಕ ಇರುವ ಒಂದು ಸಂಯುಕ್ತ. 1940ರ ದಶಕದಿಂದ ಬಳಕೆಯಲ್ಲಿದೆ. ಮೊದಲು ಬೇರಿಂಗ್ ತುಕ್ಕು ಹಿಡಿಯದಂತೆ, ಆಯಿಲ್ ಬೇಗ ಕೆಡದಂತೆ ಅಂತ ಹಾಕಿದರು. ಸವೆತ ತಡೆಯೋಕೂ ಅದು ಒಳ್ಳೇದು ಅನ್ನೋದು ಆಮೇಲೆ ಗೊತ್ತಾಯ್ತು. ಬಿಸಿ ಮತ್ತು ಒತ್ತಡ ಬಿದ್ದ ಜಾಗದಲ್ಲಿ ಇದು ಲೋಹದ ಮೇಲೆ ಒಂದು ತೆಳ್ಳನೆ ಪದರ ಕಟ್ಟುತ್ತೆ. ಲೋಹದ ಬದಲು ಆ ಪದರ ಸವೆಯುತ್ತೆ, ಮತ್ತೆ ಕಟ್ಟಿಕೊಳ್ಳುತ್ತೆ. ಅಂಗಡಿ ಭಾಷೆಯಲ್ಲಿ "ಜಿಂಕ್ ಜಾಸ್ತಿ ಇದೆ" ಅಂದರೆ ಇದೇ.

ಎರಡನೆಯದು ಡಿಟರ್ಜೆಂಟ್, ಸಾಮಾನ್ಯವಾಗಿ ಕ್ಯಾಲ್ಸಿಯಂ ಅಥವಾ ಮೆಗ್ನೀಷಿಯಂ ಇರುವಂಥದ್ದು. ಪಿಸ್ಟನ್ ಸುತ್ತ ಮಸಿ ಗಟ್ಟಿಯಾಗದಂತೆ ನೋಡಿಕೊಳ್ಳುತ್ತೆ, ಉರಿದ ಇಂಧನದಿಂದ ಹುಟ್ಟುವ ಆಮ್ಲವನ್ನು ತಟಸ್ಥ ಮಾಡುತ್ತೆ. ಈ ಶಕ್ತಿಯ ಅಳತೆಯೇ ಟಿಬಿಎನ್. ಮೂರನೆಯದು ಡಿಸ್ಪರ್ಸೆಂಟ್: ಕೊಳೆಯನ್ನು ತಳಕ್ಕೆ ಕೂರಲು ಬಿಡದೆ ತೇಲಿಸಿಟ್ಟುಕೊಳ್ಳುತ್ತೆ. ಆಯಿಲ್ ಕಪ್ಪಾದ ಕೂಡಲೇ ಕೆಟ್ಟಿದೆ ಅನ್ನೋದು ತಪ್ಪು. ಎಷ್ಟೋ ಸಲ ಇದು ತನ್ನ ಕೆಲಸ ಮಾಡ್ತಿದೆ ಅಂತ ಅರ್ಥ. ಇವಲ್ಲದೆ ಆಯಿಲ್ ಹಳಸದಂತೆ ತಡೆಯುವ ಆಂಟಿ-ಆಕ್ಸಿಡೆಂಟ್, ನೊರೆ ತಡೆಯುವ ಸಿಲಿಕಾನ್ ಸಂಯುಕ್ತ, ದಪ್ಪ ಕಾಪಾಡುವ ಪಾಲಿಮರ್, ಘರ್ಷಣೆ ಇಳಿಸುವ ಫ್ರಿಕ್ಷನ್ ಮಾಡಿಫೈಯರ್. ನನ್ನ ಕಥೆಯ ಮಾಲಿಬ್ಡಿನಮ್ ಈ ಕೊನೆಯ ಗುಂಪಿನದು.

ಲ್ಯಾಬ್ ರಿಪೋರ್ಟ್ ಏನು ಹೇಳುತ್ತೆ, ಏನು ಹೇಳಲ್ಲ

ಜನ ಹಂಚಿಕೊಳ್ಳುವ ರಿಪೋರ್ಟ್‌ಗಳು ಹೆಚ್ಚಾಗಿ ಐಸಿಪಿ ಅನ್ನೋ ವಿಧಾನದವು. ಆಯಿಲ್ ಹನಿಯನ್ನು ಸಾವಿರಾರು ಡಿಗ್ರಿ ಬಿಸಿಯ ಪ್ಲಾಸ್ಮಾದಲ್ಲಿ ಸುಟ್ಟು, ಹೊಮ್ಮುವ ಬೆಳಕಿನಿಂದ ಯಾವ ಧಾತು ಎಷ್ಟಿದೆ ಅಂತ ಲೆಕ್ಕ ಹಾಕ್ತಾರೆ. ಅಂಕಿಗಳು ಸುಳ್ಳಲ್ಲ. ಆದರೆ ಸುಟ್ಟ ಮೇಲೆ ಅಣುವಿನ ರೂಪ ಉಳಿಯಲ್ಲ, ಧಾತು ಮಾತ್ರ ಉಳಿಯುತ್ತೆ. ಬಿರಿಯಾನಿ ಸುಟ್ಟು ಬೂದಿ ತೂಗಿ ರುಚಿ ಹೇಳಿದ ಹಾಗೆ.

ಇದರಿಂದ ಆಗೋ ಎಡವಟ್ಟುಗಳು ಹಲವು.

ಒಂದು, ಜಡ್‌ಡಿಡಿಪಿಯಲ್ಲೇ ಬಗೆಗಳಿವೆ. ಕೆಲವು ಬೇಗ ಪದರ ಕಟ್ಟುತ್ತವೆ, ಕೆಲವು ಹೆಚ್ಚು ಬಿಸಿ ತಾಳುತ್ತವೆ. ರಿಪೋರ್ಟ್‌ನಲ್ಲಿ ಎರಡೂ ಬರೀ "ಸತು" ಮತ್ತು "ರಂಜಕ". ಮಾಲಿಯಲ್ಲೂ ಹಾಗೇ, ಬೇರೆ ಬೇರೆ ಸಂಯುಕ್ತಗಳು ಬೇರೆ ಬೇರೆ ರೀತಿ ವರ್ತಿಸುತ್ತವೆ.

ಎರಡು, ಲೋಹವೇ ಇಲ್ಲದ ಅಡಿಟಿವ್‌ಗಳು ಈ ರಿಪೋರ್ಟ್‌ನಲ್ಲಿ ಕಾಣೋದೇ ಇಲ್ಲ. ಅನೇಕ ಆಂಟಿ-ಆಕ್ಸಿಡೆಂಟ್‌ಗಳು, ಡಿಸ್ಪರ್ಸೆಂಟ್, ದಪ್ಪ ಕಾಯುವ ಪಾಲಿಮರ್, ಕೊಬ್ಬಿನಾಮ್ಲದಿಂದ ಮಾಡಿದ ಫ್ರಿಕ್ಷನ್ ಮಾಡಿಫೈಯರ್ ಎಲ್ಲವೂ ಇಂಗಾಲ, ಜಲಜನಕ, ಆಮ್ಲಜನಕ, ಸಾರಜನಕದವು. ನನ್ನ ಹಳೇ ಪಾಠ ಇಲ್ಲೇ ಬಿದ್ದುಹೋಯ್ತು. ಮಾಲಿ ಸೊನ್ನೆ ಇರುವ ಆಯಿಲ್ ಕೂಡ ಇಂಥ ಸಾವಯವ ಮಾಡಿಫೈಯರ್‌ನಿಂದ ಕ್ಲಚ್ ಜಾರಿಸಬಹುದು. ಇನ್ನೊಂದು ಕಡೆ, ಸ್ವಲ್ಪ ಮಾಲಿ ಇದ್ದೂ ವೆಟ್ ಕ್ಲಚ್ ಪರೀಕ್ಷೆ ಪಾಸಾಗುವ ಆಯಿಲ್‌ಗಳಿವೆ.

ಮೂರು, ಅಡಿಟಿವ್‌ಗಳು ಒಂದೇ ಜಾಗಕ್ಕೆ ಪೈಪೋಟಿ ಮಾಡ್ತವೆ. ಜಿಂಕ್‌ಗೆ ಬೇಕಾದ ಲೋಹದ ಮೇಲ್ಮೈ ಡಿಟರ್ಜೆಂಟ್‌ಗೂ ಬೇಕು, ಫ್ರಿಕ್ಷನ್ ಮಾಡಿಫೈಯರ್‌ಗೂ ಬೇಕು. ಒಂದನ್ನು ಹೆಚ್ಚಿಸಿದರೆ ಇನ್ನೊಂದರ ಕೆಲಸ ಕುಗ್ಗಬಹುದು. ಹಾಗಾಗಿ 1,200 ಪಿಪಿಎಂ ಜಿಂಕ್ ಇರೋದು 900 ಇರೋದಕ್ಕಿಂತ ಮೂರನೇ ಒಂದು ಪಾಲು ಉತ್ತಮ ಅನ್ನೋ ಲೆಕ್ಕ ನಿಲ್ಲಲ್ಲ. ಸಾಂಬಾರಿಗೆ ಉಪ್ಪು ಡಬಲ್ ಹಾಕಿದರೆ ರುಚಿ ಡಬಲ್ ಆಗಲ್ಲ.

ನಾಲ್ಕು, ಟಿಬಿಎನ್ ಜಾಸ್ತಿ ಇದ್ದಷ್ಟೂ ಒಳ್ಳೇದು ಅನ್ನೋ ಮಾತಿಗೆ ಕಾಲ ಕಳೆದಿದೆ. ಇಂಧನದಲ್ಲಿ ಗಂಧಕ ಹೆಚ್ಚಿದ್ದಾಗ ಆಮ್ಲ ಹೆಚ್ಚು ಹುಟ್ಟುತ್ತಿತ್ತು. 2020ರ ಏಪ್ರಿಲ್ 1ರಿಂದ ದೇಶಾದ್ಯಂತ ಬಿಎಸ್-6 ಇಂಧನ ಬಂದು, ಗಂಧಕದ ಮಿತಿ 10 ಪಿಪಿಎಂಗೆ ಇಳಿದಿದೆ.

"ಫುಲ್ ಸಿಂಥೆಟಿಕ್" ಅನ್ನೋ ಪದವೂ ಇದೇ ಜಾತಿಗೆ ಸೇರಿದ್ದು. ಕಚ್ಚಾ ತೈಲವನ್ನೇ ಬಹಳ ಸಂಸ್ಕರಿಸಿ ಮಾಡಿದ ಬೇಸ್ ಆಯಿಲ್‌ಗೆ ಸಿಂಥೆಟಿಕ್ ಅನ್ನಬಹುದಾ ಅಂತ ಅಮೆರಿಕದಲ್ಲಿ ಮೊಬಿಲ್ ಕಂಪನಿ ಕ್ಯಾಸ್ಟ್ರಾಲ್ ವಿರುದ್ಧ ಜಾಹೀರಾತು ಸ್ವಯಂ-ನಿಯಂತ್ರಣ ಸಂಸ್ಥೆಗೆ ಹೋಯ್ತು. 1999ರಲ್ಲಿ ತೀರ್ಮಾನ ಕ್ಯಾಸ್ಟ್ರಾಲ್ ಪರ ಬಂತು. ಅಲ್ಲಿಂದ ಆ ಪದ ಒಂದು ನಿರ್ದಿಷ್ಟ ವಸ್ತುವಿನ ಹೆಸರಾಗಿ ಉಳಿದಿಲ್ಲ. ಡಬ್ಬದ ಮೇಲೆ ಆ ಪದ ಇರೋದರಿಂದಲೇ ಒಳಗಿನದು ಇಂಥದ್ದೇ ಅಂತ ಹೇಳೋಕಾಗಲ್ಲ.

ಹಾಗಾದ್ರೆ ಟೆಸ್ಟ್ ಅಂದ್ರೆ ಯಾವುದು?

ಎರಡು ಹೆಸರು ನೆನಪಿಟ್ಟುಕೊಳ್ಳಿ: ಎಪಿಐ ಮತ್ತು ಜಾಸೋ.

ಎಪಿಐ ಅಮೆರಿಕದ ಪೆಟ್ರೋಲಿಯಂ ಸಂಸ್ಥೆ. ಪೆಟ್ರೋಲ್ ಇಂಜಿನ್ ಆಯಿಲ್‌ಗೆ ಅದರ ದರ್ಜೆಗಳು ಎಸ್ ಅಕ್ಷರದಿಂದ ಶುರು: ಎಸ್‌ಎಲ್ ಬಂದದ್ದು 2001ರಲ್ಲಿ, ಎಸ್‌ಎಂ 2004ರಲ್ಲಿ, ಎಸ್‌ಎನ್ 2010ರಲ್ಲಿ, ಎಸ್‌ಪಿ 2020ರಲ್ಲಿ. ಈ ದರ್ಜೆಗಳ ಹಿಂದೆ ನಿಜವಾದ ಇಂಜಿನ್ ಪರೀಕ್ಷೆಗಳಿವೆ. ಒಂದು ಪರೀಕ್ಷೆಯಲ್ಲಿ ಇಂಜಿನ್ ಬಿಸಿಯಾಗಿ ಓಡಿಸಿ ಆಯಿಲ್ ಎಷ್ಟು ದಪ್ಪಗಾಯ್ತು, ಪಿಸ್ಟನ್ ಮೇಲೆ ಎಷ್ಟು ಕಿಟ್ಟ ಕಟ್ಟಿತು ಅಂತ ನೋಡ್ತಾರೆ. ಇನ್ನೊಂದರಲ್ಲಿ ಕ್ಯಾಮ್ ಸವೆತ, ಮತ್ತೊಂದರಲ್ಲಿ ಕೆಸರು, ಮಗದೊಂದರಲ್ಲಿ ಬೇರಿಂಗ್ ತುಕ್ಕು. ಕೊನೆಗೆ ಇಂಜಿನ್ ಬಿಚ್ಚಿ ಅಳೆದು ಪಾಸು-ಫೇಲು ಹೇಳ್ತಾರೆ. ಆಯಿಲ್‌ನಲ್ಲಿ ಯಾವ ಧಾತು ಎಷ್ಟು ಅನ್ನೋದಕ್ಕಿಂತ, ಬಿಚ್ಚಿದಾಗ ಲೋಹ ಹೇಗಿತ್ತು ಅನ್ನೋದು ಇಲ್ಲಿ ಮುಖ್ಯ.

ಆದರೆ ಇವು ಕಾರ್ ಇಂಜಿನ್‌ಗಳು. ಕೆಸರಿನ ಪರೀಕ್ಷೆಗೆ ಬಳಸಿದ್ದು ಫೋರ್ಡ್‌ನ 4.6 ಲೀಟರ್ ವಿ8. ಗೇರ್‌ಬಾಕ್ಸ್, ವೆಟ್ ಕ್ಲಚ್ ಆ ಪರೀಕ್ಷೆಗಳಲ್ಲಿ ಇಲ್ಲವೇ ಇಲ್ಲ.

ಆ ಕೊರತೆ ತುಂಬೋಕೆ ಜಪಾನಿನ ಜಾಸೋ 1998ರಲ್ಲಿ ಟಿ 903 ಅನ್ನೋ ಮಾನದಂಡ ತಂತು. ಹೊಸ ಕಾರ್ ಆಯಿಲ್‌ಗಳಲ್ಲಿ ಮೈಲೇಜಿಗಾಗಿ ಫ್ರಿಕ್ಷನ್ ಮಾಡಿಫೈಯರ್ ಹೆಚ್ಚಾದದ್ದೇ ಇದಕ್ಕೆ ಕಾರಣ. ಮೊದಲು ಎರಡು ದರ್ಜೆ: ವೆಟ್ ಕ್ಲಚ್‌ಗೆ ಎಂಎ, ಘರ್ಷಣೆ ಕಮ್ಮಿ ಇರುವ ಎಂಬಿ. 2006ರ ಪರಿಷ್ಕರಣೆಯಲ್ಲಿ ಎಂಎ ಒಳಗೇ ಎಂಎ1, ಎಂಎ2 ಅಂತ ಭಾಗ ಮಾಡಿದರು.

ಪರೀಕ್ಷೆ ಹೀಗಿರುತ್ತೆ. ಒಂದು ಯಂತ್ರದಲ್ಲಿ ನಿಜವಾದ ಕ್ಲಚ್ ಪ್ಲೇಟ್‌ಗಳನ್ನು ಆಯಿಲ್‌ನಲ್ಲಿ ಮುಳುಗಿಸಿ ಮತ್ತೆ ಮತ್ತೆ ಹಿಡಿಸಿ ಬಿಡಿಸ್ತಾರೆ. ಮೂರು ವಿಷಯ ಅಳೀತಾರೆ: ತಿರುಗುತ್ತಿರುವಾಗ ಎಷ್ಟು ಘರ್ಷಣೆ, ನಿಂತಿದ್ದಾಗ ಎಷ್ಟು ಬಿಗಿ, ಹಿಡಿದ ಮೇಲೆ ನಿಲ್ಲೋಕೆ ಎಷ್ಟು ಹೊತ್ತು. ಈ ಅಂಕಿಗಳನ್ನು ಎರಡು ಪ್ರಮಾಣಿತ ಆಯಿಲ್‌ಗಳ ಜೊತೆ ಹೋಲಿಸಿ ಸೂಚ್ಯಂಕ ಕೊಡ್ತಾರೆ. ಒಂದು ಪ್ರಮಾಣಿತ ಆಯಿಲ್ ಹೆಚ್ಚು ಘರ್ಷಣೆಯದು, ಇನ್ನೊಂದು ಕಮ್ಮಿಯದು. ಮೂರೂ ಸೂಚ್ಯಂಕ ಮೇಲಿನ ಪಟ್ಟಿಯಲ್ಲಿ ಬಂದರೆ ಎಂಎ2, ಮೂರೂ ಕೆಳಗಿನ ಪಟ್ಟಿಯಲ್ಲಿ ಬಂದರೆ ಎಂಎ1, ಒಂದು ಅಲ್ಲಿ ಒಂದು ಇಲ್ಲಿ ಆದರೆ ಬರೀ ಎಂಎ. ಅಂದರೆ ಎಂಎ2 ಅನ್ನೋದು ಎಂಎ1ರ "ಅಪ್‌ಗ್ರೇಡ್" ಅಲ್ಲ, ಘರ್ಷಣೆ ಹೆಚ್ಚು ಅಂತಷ್ಟೇ ಅರ್ಥ. ಸ್ಕೂಟರ್‌ಗೆ ಎಂಎ2 ಹಾಕಿದರೆ ಕ್ಲಚ್‌ಗೆ ಅದರಿಂದ ಲಾಭವೇನೂ ಇಲ್ಲ. ಅದಕ್ಕೇ ಹೋಂಡಾ ಆಕ್ಟಿವಾಗೆ ಕಂಪನಿ ಹೇಳೋದು 10ಡಬ್ಲ್ಯೂ-30 ಎಂಬಿ, ರಾಯಲ್ ಎನ್‌ಫೀಲ್ಡ್ 350ಕ್ಕೆ ಹೇಳಿದ್ದು 15ಡಬ್ಲ್ಯೂ-50 ಎಂಎ2.

ಗೇರ್ ಹಲ್ಲು ಪಾಲಿಮರ್ ಕತ್ತರಿಸುವ ಸಮಸ್ಯೆಗೂ ಟಿ 903ರಲ್ಲಿ ಪರೀಕ್ಷೆ ಇದೆ. ಹೊಸ 40 ಗ್ರೇಡ್ ಆಯಿಲ್ 100 ಡಿಗ್ರಿಯಲ್ಲಿ ಕನಿಷ್ಠ 12.5 ಸೆಂಟಿಸ್ಟೋಕ್ ದಪ್ಪ ಇರಬೇಕು. ಹಿಂಡಿ ಹಿಂಸೆ ಕೊಟ್ಟ ಮೇಲೂ ಅದು 12.0ಕ್ಕಿಂತ ಕೆಳಗಿಳಿಯಬಾರದು ಅನ್ನುತ್ತೆ ಜಾಸೋ. 30 ಗ್ರೇಡ್‌ಗೆ ಈ ಮಿತಿ 9.0, 50 ಗ್ರೇಡ್‌ಗೆ 15.0. ಧಾತುಗಳ ರಿಪೋರ್ಟ್ ಎಷ್ಟು ತಿರುವಿ ನೋಡಿದರೂ ಈ ಗುಣ ಕಾಣಲ್ಲ.

ಅಡಿಟಿವ್ ಅಂಕಿಗೆ ಬೆಲೆಯೇ ಇಲ್ವಾ?

ಇದೆ, ಆದರೆ ಬೇಲಿಯ ಹಾಗೆ. ಜಾಸೋ ಟಿ 903 ಸ್ವತಃ ರಂಜಕಕ್ಕೆ ಒಂದು ಮಿತಿ ಹಾಕುತ್ತೆ: ತೂಕದ 0.08ರಿಂದ 0.12 ಶೇಕಡಾ, ಅಂದರೆ 800ರಿಂದ 1,200 ಪಿಪಿಎಂ. ಕೆಳಗಿನ ಮಿತಿ ಸವೆತದ ರಕ್ಷಣೆಗೆ, ಮೇಲಿನ ಮಿತಿ ಸೈಲೆನ್ಸರ್‌ನ ಕ್ಯಾಟಲಿಟಿಕ್ ಕನ್ವರ್ಟರ್ ಉಳಿಸೋಕೆ. ಸುಟ್ಟ ಆಯಿಲ್ ಜೊತೆ ಹೋಗುವ ರಂಜಕ ಕನ್ವರ್ಟರ್‌ಗೆ ವಿಷ. "ಜಿಂಕ್ ಜಾಸ್ತಿ ಇದ್ದಷ್ಟೂ ಒಳ್ಳೇದು" ಅನ್ನೋರು ಈ ಮೇಲಿನ ಮಿತಿ ಮರೀತಾರೆ. ಆ ವಿಷದ ಹೊಗೆ ಕುಡಿಯೋದು ಸಿಗ್ನಲ್‌ನಲ್ಲಿ ಹಿಂದೆ ನಿಂತವರು.

ಇದರಿಂದ ಇನ್ನೊಂದು ಗೊಂದಲವೂ ಬಿಡಿಸಿಕೊಳ್ಳುತ್ತೆ. "ಕಾರ್ ಆಯಿಲ್ ಎಸ್‌ಪಿ ಇದೆ, ಬೈಕ್ ಆಯಿಲ್ ಇನ್ನೂ ಎಸ್‌ಎಲ್, ನಮಗೆ ಹಳೇ ಮಾಲು ಮಾರ್ತಿದ್ದಾರೆ" ಅಂತ ಎಷ್ಟೋ ಜನ ಸಿಟ್ಟಾಗ್ತಾರೆ. 5ಡಬ್ಲ್ಯೂ-30, 10ಡಬ್ಲ್ಯೂ-30ಯಂಥ ಗ್ರೇಡ್‌ಗಳಿಗೆ ಹೊಸ ಎಪಿಐ ದರ್ಜೆಗಳಲ್ಲಿ ರಂಜಕ 0.08 ಶೇಕಡಾ ಮೀರುವಂತಿಲ್ಲ. ಜಾಸೋದಲ್ಲಿ ಅದೇ 0.08 ಕನಿಷ್ಠ. ಎರಡೂ ಮಾನದಂಡ ಒಂದು ಗೆರೆಯ ಮೇಲೆ ಮಾತ್ರ ಸೇರ್ತವೆ. 10ಡಬ್ಲ್ಯೂ-30 ಬೈಕ್ ಆಯಿಲ್ ಎಸ್‌ಎಲ್‌ನಲ್ಲೇ ಉಳಿಯೋಕೆ ಇದೂ ಒಂದು ಕಾರಣ. ಅದನ್ನು ಮೋಸ ಅನ್ನೋಕಾಗಲ್ಲ. 40, 50 ಗ್ರೇಡ್‌ಗಳಿಗೆ ಎಪಿಐನ ಈ ಗರಿಷ್ಠ ಮಿತಿ ಅನ್ವಯಿಸಲ್ಲ.

ಜಿಂಕ್ ಆಸೆಗೆ ಲಾರಿ-ಟ್ರ್ಯಾಕ್ಟರ್‌ನ ಡೀಸೆಲ್ ಆಯಿಲ್ ಬೈಕ್‌ಗೆ ಸುರಿಯುವ ಅಭ್ಯಾಸವೂ ನಮ್ಮ ಕಡೆ ಇದೆ. ಕ್ಲಚ್ ಜಾರದೆ ಓಡಿದ ಉದಾಹರಣೆಗಳೂ ಸಿಗ್ತವೆ. ಆದರೆ ಆ ಡಬ್ಬದ ಮೇಲೆ ಜಾಸೋ ಎಂಎ ಇಲ್ಲದಿದ್ದರೆ, ಆ ಪರೀಕ್ಷೆಯನ್ನು ನಿಮ್ಮ ಬೈಕ್ ಮೇಲೆ, ನಿಮ್ಮ ದುಡ್ಡಲ್ಲಿ ನೀವೇ ಮಾಡ್ತಿದ್ದೀರಿ ಅಂತ ಅರ್ಥ.

ಕೌಂಟರ್ ಮೇಲಿನ ನಾಟಕ

ಎಲ್ಲ "ಟೆಸ್ಟ್" ಟೆಸ್ಟ್ ಅಲ್ಲ. ಮೇಳಗಳಲ್ಲಿ, ಅಂಗಡಿಗಳಲ್ಲಿ ಒಂದು ಯಂತ್ರ ನೋಡಿರಬಹುದು: ತಿರುಗುವ ಚಕ್ರ, ಅದಕ್ಕೆ ಒತ್ತಿಹಿಡಿಯುವ ಬೇರಿಂಗ್, ಒಂದು ಸನ್ನೆಕೋಲು. ಸಾಮಾನ್ಯ ಆಯಿಲ್ ಹಾಕಿದಾಗ ಚಕ್ರ ಕಿರುಚಿ ನಿಲ್ಲುತ್ತೆ. ಅವರ ಬಾಟಲಿ ಸುರಿದ ಮೇಲೆ ಎಷ್ಟು ಭಾರ ಹಾಕಿದರೂ ನಿಲ್ಲಲ್ಲ. ಜನ ಚಪ್ಪಾಳೆ.

ಕ್ಲೋರಿನ್ ಇರುವ ಕೆಲವು ಸಂಯುಕ್ತಗಳು ಈ ಯಂತ್ರದಲ್ಲಿ ಭರ್ಜರಿ ಅಂಕ ತಗೊಳ್ತವೆ. ಅವೇ ಸಂಯುಕ್ತಗಳು ಇಂಜಿನ್ ಒಳಗೆ ಬಿಸಿ, ತೇವ ಸೇರಿದಾಗ ಆಮ್ಲ ಹುಟ್ಟಿಸಿ ಲೋಹ ತಿನ್ನಬಹುದು. ಆ ಯಂತ್ರದಲ್ಲಿ ಕ್ಲಚ್ ಇಲ್ಲ, ಉರಿಯುವ ಪೆಟ್ರೋಲ್ ಇಲ್ಲ, ಮೂರು ಸಾವಿರ ಕಿಲೋಮೀಟರ್ ಇಲ್ಲ. ಲೋಹದ ಗುಂಡುಗಳನ್ನು ಉಜ್ಜುವ ಫೋರ್-ಬಾಲ್ ಟೆಸ್ಟ್ ಕೂಡ ಹಾಗೇ. ಪ್ರಯೋಗಾಲಯದಲ್ಲಿ ಅದಕ್ಕೆ ಅದರದೇ ಉಪಯೋಗ ಇದೆ, ಇಂಜಿನ್ ಆಯಿಲ್‌ಗಳಿಗೆ ರ‍್ಯಾಂಕ್ ಕೊಡೋಕೆ ಅದು ಸಾಲದು.

ಅಮೆರಿಕದಲ್ಲಿ ಇಂಥ ಪ್ರಚಾರ ಕಾನೂನಿನ ಮುಂದೆ ಬಂದಿದೆ. ಸ್ಲಿಕ್ 50 ಅನ್ನೋ ಇಂಜಿನ್ ಟ್ರೀಟ್‌ಮೆಂಟ್‌ನ ಜಾಹೀರಾತುಗಳಿಗೆ ಆಧಾರ ಇಲ್ಲ ಅಂತ ಫೆಡರಲ್ ಟ್ರೇಡ್ ಕಮಿಷನ್ 1996ರಲ್ಲಿ ದೂರು ಹೂಡಿತು, 1997ರಲ್ಲಿ ಕಂಪನಿ ರಾಜಿಗೆ ಬಂತು.

ಒಳ್ಳೇ ಟೆಸ್ಟ್‌ಗೂ ಮಿತಿ ಇದೆ

ನಾನು ಟೆಸ್ಟ್ ಪರ ಅಂತ ಟೆಸ್ಟ್‌ನ ದೌರ್ಬಲ್ಯ ಮುಚ್ಚಿಡೋದು ಸರಿಯಲ್ಲ.

ದರ್ಜೆ ಅನ್ನೋದು ಪಾಸ್ ಮಾರ್ಕ್. 35 ತಗೊಂಡವರೂ ಪಾಸು, 95 ತಗೊಂಡವರೂ ಪಾಸು. ಡಬ್ಬದ ಮೇಲೆ ಎರಡಕ್ಕೂ ಒಂದೇ "ಎಂಎ2". ಕ್ಲಚ್ ಪರೀಕ್ಷೆಯ ಮೂರು ಸೂಚ್ಯಂಕಗಳನ್ನು ಕಂಪನಿಗಳು ಗ್ರಾಹಕರಿಗೆ ಕೊಡೋದು ತೀರಾ ಅಪರೂಪ. ಡೇಟಾ ಶೀಟ್‌ನಲ್ಲಿ ಸಾಮಾನ್ಯವಾಗಿ ಸಿಗೋದು ದಪ್ಪ, ಫ್ಲ್ಯಾಶ್ ಪಾಯಿಂಟ್, ಪೋರ್ ಪಾಯಿಂಟ್ ಥರದ ಅಂಕಿಗಳು.

ಗೇರ್ ಹಲ್ಲಿನ ಸವೆತಕ್ಕೆ ಟಿ 903ರಲ್ಲಿ ನೇರ ಪರೀಕ್ಷೆ ಇಲ್ಲ. ರಂಜಕದ ಕನಿಷ್ಠ ಮಿತಿ ಮತ್ತು ದಪ್ಪ ಉಳಿಸಿಕೊಳ್ಳುವ ಪರೀಕ್ಷೆಯ ಮೂಲಕ ಪರೋಕ್ಷವಾಗಿ ಅದನ್ನು ನೋಡಿಕೊಳ್ಳುತ್ತೆ. ಇನ್ನು ಜಾಸೋ ವ್ಯವಸ್ಥೆ ನಿಂತಿರೋದು ಕಂಪನಿಯ ಸ್ವಯಂ-ಘೋಷಣೆಯ ಮೇಲೆ: ಪರೀಕ್ಷೆ ಮಾಡಿಸಿ, ದಾಖಲೆ ಸಲ್ಲಿಸಿ, ಪಟ್ಟಿಗೆ ಸೇರೋದು.

ಬಳಸಿದ ಆಯಿಲ್‌ನ ಪರೀಕ್ಷೆ ಬೇರೆಯೇ ವಿಷಯ. ನಿಮ್ಮದೇ ಬೈಕ್‌ನಿಂದ ಇಳಿಸಿದ ಆಯಿಲ್‌ನಲ್ಲಿ ಕಬ್ಬಿಣ, ಅಲ್ಯೂಮಿನಿಯಂ, ಧೂಳಿನ ಸಿಲಿಕಾನ್ ಎಷ್ಟಿದೆ, ದಪ್ಪ ಎಷ್ಟು ಉಳಿದಿದೆ ಅನ್ನೋದು ನಿಜಕ್ಕೂ ಉಪಯುಕ್ತ. ಆದರೆ ಒಂದು ಸಲದ ಅಂಕಿಯಿಂದ ಆಯಿಲ್ ಎ ಆಯಿಲ್ ಬಿಗಿಂತ ಮೇಲು ಅನ್ನೋಕಾಗಲ್ಲ. ನಿಮ್ಮ ಏರ್ ಫಿಲ್ಟರ್, ನಿಮ್ಮ ರಸ್ತೆ, ಇಂಜಿನ್ ವಯಸ್ಸು ಎಲ್ಲ ಅದರಲ್ಲಿ ಬೆರೆತಿರುತ್ತೆ. ಐಸಿಪಿಗೆ ಬಹಳ ಸಣ್ಣ ಕಣಗಳು ಮಾತ್ರ ಕಾಣ್ತವೆ, ಗೇರ್ ಹಲ್ಲಿನಿಂದ ಕಿತ್ತುಬಂದ ಚೂರು ಲೆಕ್ಕಕ್ಕೇ ಬರಲ್ಲ. ಅದೇ ಬೈಕ್, ಅದೇ ಕಿಲೋಮೀಟರ್, ನಾಲ್ಕೈದು ಸಲ ಮಾಡಿಸಿ ಏರಿಳಿತ ನೋಡಿದರೆ ಅರ್ಥ ಇದೆ.

ಡಬ್ಬ ಓದೋದು ಹೇಗೆ?

1. ಮೊದಲು ಬೈಕ್‌ನ ಮ್ಯಾನುಯಲ್ ತೆಗೀರಿ. ಮೂರು ವಿಷಯ ಬರೆದುಕೊಳ್ಳಿ: ಗ್ರೇಡ್, ಎಪಿಐ ದರ್ಜೆ, ಜಾಸೋ ದರ್ಜೆ. ಮ್ಯಾನುಯಲ್ ಕಳೆದಿದ್ದರೆ ಕಂಪನಿಯ ವೆಬ್‌ಸೈಟ್‌ನಲ್ಲಿ ಸಿಗುತ್ತೆ.

2. ಡಬ್ಬದ ಹಿಂದೆ ಜಾಸೋ ಚೌಕ ಹುಡುಕಿ. ಅದರೊಳಗೆ ಒಂದು ಕೋಡ್, ದೊಡ್ಡದಾಗಿ ಎಂಎ ಅಥವಾ ಎಂಎ2, ಕೆಳಗೆ ಆ ಗುಣಕ್ಕೆ ಖಾತರಿ ಕೊಡುವ ಕಂಪನಿಯ ಹೆಸರು ಇರುತ್ತೆ. ಚೌಕ ಇಲ್ಲದೆ ಸಾಲಿನ ಮಧ್ಯೆ "ಎಂಎ2 ಗುಣಮಟ್ಟಕ್ಕೆ ಸರಿಹೊಂದುತ್ತದೆ" ಅಂತಿದ್ದರೆ ಅದು ಕಂಪನಿಯ ಮಾತು ಅಷ್ಟೇ. ಮಾತು ನಿಜ ಇರಬಹುದು, ಆದರೆ ಪಟ್ಟಿಯಲ್ಲಿ ಹುಡುಕೋಕೆ ಕೋಡ್ ಇಲ್ಲ.

3. ಎಪಿಐನ ದುಂಡನೆ ಮುದ್ರೆ ಇದ್ದರೆ ಪರವಾನಗಿ ಪಡೆದವರ ಪಟ್ಟಿ ಎಪಿಐ ವೆಬ್‌ಸೈಟ್‌ನಲ್ಲಿ ಉಚಿತ. ಜಾಸೋ ಪಟ್ಟಿಯೂ ಆನ್‌ಲೈನ್‌ನಲ್ಲಿದೆ. ಫೋನಲ್ಲಿ ಎರಡು ನಿಮಿಷದ ಕೆಲಸ.

4. ಎಪಿಐ ಮುದ್ರೆಯ ಕೆಳಭಾಗದಲ್ಲಿ ಎನರ್ಜಿ ಕನ್ಸರ್ವಿಂಗ್ ಅಥವಾ ರಿಸೋರ್ಸ್ ಕನ್ಸರ್ವಿಂಗ್ ಅಂತ ಇಂಗ್ಲಿಷಲ್ಲಿ ಇದ್ದರೆ, ವೆಟ್ ಕ್ಲಚ್ ಬೈಕ್‌ಗೆ ಬೇಡ. ನಾನು ತಗೊಂಡ ಆ ಕಾರ್ ಆಯಿಲ್ ಡಬ್ಬದ ಮೇಲೆ ಇದು ಸ್ಪಷ್ಟವಾಗಿ ಅಚ್ಚಾಗಿತ್ತು. ಆಮೇಲೆ ಕಸದ ಬುಟ್ಟಿಯಿಂದ ತೆಗೆದು ನೋಡಿದೆ.

5. ಲೂಸ್ ಆಯಿಲ್ ಬೇಡ. ಸೀಲ್ ನಿಮ್ಮ ಕಣ್ಣೆದುರೇ ಒಡೆಸಿ, ಸುರಿದ ಮೇಲೆ ಖಾಲಿ ಡಬ್ಬಕ್ಕೆ ಒಂದು ತೂತು ಮಾಡಿಸಿ. ಖಾಲಿ ಡಬ್ಬಕ್ಕೂ ಮಾರುಕಟ್ಟೆ ಇದೆ, ಅದರಲ್ಲಿ ಮತ್ತೇನೋ ತುಂಬಿ ಬರುತ್ತೆ.

6. ಗ್ರೇಡು, ದರ್ಜೆ ಸರಿಯಿದ್ದರೆ ಹೊತ್ತಿಗೆ ಸರಿಯಾಗಿ ಬದಲಿಸೋದು ಮುಖ್ಯ. ದುಬಾರಿ ಆಯಿಲ್ ಹಾಕಿ ಎರಡು ಪಟ್ಟು ಓಡಿಸೋದಕ್ಕಿಂತ, ಸರಿಯಾದ ಸಾಧಾರಣ ಆಯಿಲ್ ಸಮಯಕ್ಕೆ ಬದಲಿಸೋದು ಮೇಲು. ಮಧ್ಯೆ ಮಧ್ಯೆ ಮಟ್ಟ ನೋಡಿ. ಕಮ್ಮಿ ಆಯಿಲ್‌ನಲ್ಲಿ ಓಡಿದ ಇಂಜಿನ್ನನ್ನು ಯಾವ ಅಡಿಟಿವ್ವೂ ಉಳಿಸಲ್ಲ.

7. ಬೇರೆ ಬಾಟಲಿ ಅಡಿಟಿವ್ ಮೇಲಿಂದ ಸುರಿಯಬೇಡಿ. ಎಂಎ ಪಾಸಾದದ್ದು ಡಬ್ಬದಲ್ಲಿದ್ದ ಮಿಶ್ರಣ. ಬಾಟಲಿ ಬೆರೆಸಿದ ಮೇಲೆ ಅದು ಬೇರೆ ಮಿಶ್ರಣ, ಅದನ್ನು ಆ ಕ್ಲಚ್ ಯಂತ್ರದಲ್ಲಿ ಹಾಕಿ ನೋಡಿಲ್ಲ.

ಇದು ಯಾರ ದುಡ್ಡಿನ ಪ್ರಶ್ನೆ?

ಆಯಿಲ್ ಬಗ್ಗೆ ಇಷ್ಟೊಂದು ಯಾಕೆ ಅಂತ ಅನ್ನಿಸಬಹುದು. ನಮ್ಮ ನಗರಗಳಲ್ಲಿ ಬೈಕ್ ಅನ್ನೋದು ಲಕ್ಷಾಂತರ ಯುವಕರಿಗೆ ದುಡಿಮೆಯ ಸಾಧನ. ಕರ್ನಾಟಕ 2025ರಲ್ಲಿ ಗಿಗ್ ಕಾರ್ಮಿಕರ ಸಾಮಾಜಿಕ ಭದ್ರತೆಗೆ ಕಾಯ್ದೆ ತಂದಿದೆ, ಕಲ್ಯಾಣ ಶುಲ್ಕ, ಕಲ್ಯಾಣ ಮಂಡಳಿ ಅಂತ ಮಾತಾಡ್ತಿದ್ದೇವೆ. ಒಳ್ಳೇದು. ಆದರೆ ಪೆಟ್ರೋಲ್, ಆಯಿಲ್, ಕ್ಲಚ್ ಪ್ಲೇಟ್ ಇವತ್ತಿಗೂ ಓಡಿಸುವವರ ಜೇಬಿನಿಂದಲೇ. ತಪ್ಪು ಆಯಿಲ್‌ಗೆ ನಾನು ಕೊಟ್ಟ 1,400 ರೂಪಾಯಿ ಮತ್ತು ಮೂರು ದಿನದ ಕೂಲಿ ಯಾವ ಆ್ಯಪ್‌ನ ಲೆಕ್ಕದಲ್ಲೂ ಬರಲಿಲ್ಲ.

ಕಾನೂನು ಇಲ್ಲ ಅಂತಲ್ಲ. ಅಗತ್ಯ ವಸ್ತುಗಳ ಕಾಯ್ದೆಯಡಿ ಲೂಬ್ರಿಕೇಟಿಂಗ್ ಆಯಿಲ್ ಮತ್ತು ಗ್ರೀಸ್‌ಗೆ 1987ರಿಂದ ನಿಯಂತ್ರಣ ಆದೇಶ ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ದಾರಿತಪ್ಪಿಸುವ ಜಾಹೀರಾತಿಗೆ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಮೊದಲ ಸಲ 10 ಲಕ್ಷದವರೆಗೆ, ಮತ್ತೆ ಮಾಡಿದರೆ 50 ಲಕ್ಷದವರೆಗೆ ದಂಡ ಹಾಕಬಹುದು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಬಿಲ್ ಮತ್ತು ಡಬ್ಬದ ಫೋಟೋ ಇಟ್ಟುಕೊಂಡಿದ್ದರೆ ದೂರಿಗೆ ಬಲ. ನಾನು ಬಿಲ್ ತಗೊಂಡಿರಲಿಲ್ಲ.

ಕೇಳಬೇಕಾದ್ದು ಇನ್ನೂ ಇದೆ. ಒಂದು, ಕ್ಲಚ್ ಪರೀಕ್ಷೆಯ ಮೂರು ಸೂಚ್ಯಂಕ ಮತ್ತು ಹಿಂಡಿದ ಮೇಲೆ ಉಳಿದ ದಪ್ಪ, ಈ ನಾಲ್ಕು ಅಂಕಿಗಳನ್ನು ಡೇಟಾ ಶೀಟ್‌ನಲ್ಲಿ ಹಾಕಬೇಕು. ಪರೀಕ್ಷೆ ಮಾಡಿಸಿದ ಕಂಪನಿಯ ಹತ್ತಿರ ಅವು ಇದ್ದೇ ಇರ್ತವೆ, ಹೊಸ ಖರ್ಚಿಲ್ಲ. ಎರಡು, ಸರ್ಕಾರದ ಯಾವುದಾದರೂ ಸಂಸ್ಥೆ ಅಂಗಡಿಯಿಂದಲೇ ಡಬ್ಬ ಕೊಂಡು, ಹೆಸರು ಹೇಳಿ ಫಲಿತಾಂಶ ಪ್ರಕಟಿಸಬೇಕು. ಮೂರು, ಡಬ್ಬದ ಮೇಲೆ "ಗೇರ್ ಬೈಕ್‌ಗೆ" ಅಥವಾ "ಸ್ಕೂಟರ್‌ಗೆ ಮಾತ್ರ" ಅಂತ ಕನ್ನಡದಲ್ಲಿ ಒಂದು ಸಾಲು ಇರಬೇಕು. ಎಂಎ, ಎಂಬಿ ಅನ್ನೋ ಒಂದಕ್ಷರದ ವ್ಯತ್ಯಾಸ ಓದಿ ಅರ್ಥ ಮಾಡಿಕೊಳ್ಳೋ ಹೊರೆ ಪೂರ್ತಿ ಗ್ರಾಹಕರ ಮೇಲೆ ಹಾಕೋದು ನ್ಯಾಯ ಅಲ್ಲ.

ಕಳೆದ ತಿಂಗಳು ಡೆಲಿವರಿ ಮಾಡುವ ಗೆಳೆಯನೊಬ್ಬನ ಜೊತೆ ಆಯಿಲ್ ತರೋಕೆ ಹೋಗಿದ್ದೆ. ಅಂಗಡಿಯವರು "ಇದರಲ್ಲಿ ಜಿಂಕ್ ಜಾಸ್ತಿ ಗುರು" ಅಂದರು. ಅವನು ಡಬ್ಬ ತಿರುಗಿಸಿ ಚೌಕ ನೋಡಿ, ಕೋಡ್ ಫೋನಲ್ಲಿ ಹಾಕಿ, "ಅಣ್ಣಾ, ಇದು ಲಿಸ್ಟಲ್ಲಿಲ್ಲ, ಬೇರೆ ಕೊಡಿ" ಅಂದ. ಅವರು ಮುಖ ಗಂಟು ಹಾಕಿಕೊಂಡು ಬೇರೆ ಡಬ್ಬ ಇಟ್ಟರು. ಅದು ಲಿಸ್ಟಲ್ಲಿತ್ತು, ರೇಟು 20 ರೂಪಾಯಿ ಕಮ್ಮಿಯೂ ಇತ್ತು. ಈ ಸಲ ಬಿಲ್ ಕೇಳಿ ತಗೊಂಡೆವು.